ಹಳೆಯ ಕಡತವೂ ಹೊಸ ಕಡತವೂ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಕಚೇರಿಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳಲ್ಲಿ ‘ಕಡತ’ವೆಂಬುದೊಂದು. ಕಡತವು ಮೇಲಕ್ಕೆ ಹೋಗಿದೆ, ಕಡತವು ಹಿಂದಕ್ಕೆ ಬಂದಿದೆ, ಕಡತವು ಸಿಕ್ಕುವುದಿಲ್ಲ ಎಂಬ ಉತ್ತರಗಳನ್ನು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲರೂ ಕೇಳಿಬಲ್ಲರು. ಗಣಕಯಂತ್ರದೊಳಗೆ ಇಟ್ಟ ಬರಹಕ್ಕೂ ಕನ್ನಡಿಗರು ಇದೇ ಹೆಸರನ್ನು ಕೊಟ್ಟಿದ್ದಾರೆ. ಆದರೆ ಕಡತವೆಂಬುದು ಪೂರ್ವದಲ್ಲಿ ಕಾಗದದ ಕಟ್ಟಾಗಿರದೆ, ಕಪ್ಪು ಬಟ್ಟೆಯ ಪುಸ್ತಕವಾಗಿದ್ದಿತೆಂಬುದನ್ನು ಬಲ್ಲವರು ಈಗ ವಿರಳ. ಆ ಹಳೆಯ ಕಡತದ ಸ್ವರೂಪವನ್ನು ನೆನೆದುಕೊಂಡು, ಇಂದು ನಮ್ಮ ಬರಹಗಳಿಗೆಲ್ಲ ಮನೆಯಾಗಿರುವ ಎಸ್.ಎಸ್.ಡಿ. ಎಂಬ ಘನಸ್ಥಿತಿಯ ಸಂಗ್ರಾಹಕವು ಗುಣದಲ್ಲಿ ಅದಕ್ಕೆ ಎಷ್ಟು ಸಮೀಪವಾಗಿದೆ, ಅದನ್ನು ಹೇಗೆ ಅಣಿಗೊಳಿಸಿಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಕಡತವನ್ನು ಕಣ್ಣಾರೆ ಕಂಡು ವರ್ಣಿಸಿದವರಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನು ಮುಖ್ಯನು. ೧೮೧೦ರಲ್ಲಿ ಪ್ರಕಟವಾಗತೊಡಗಿದ ತನ್ನ ಗ್ರಂಥದಲ್ಲಿ ಅವನು ಹೇಳುವಂತೆ, ಕಡತವು ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ ಹನ್ನೆರಡರಿಂದ ಹದಿನೆಂಟು ಅಡಿ ಉದ್ದವೂ ಉಳ್ಳ ಹತ್ತಿಯ ಬಟ್ಟೆಯ ಪಟ್ಟಿಯಾಗಿದ್ದಿತು. ಅದರ ಎರಡು ಮೈಗಳಿಗೂ ಅಂಟು ಮತ್ತು ಇದ್ದಲಿನ ಪುಡಿಯನ್ನು ಕಲಸಿ ಬಳಿದು ಒಣಗಿಸಿ, ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ನಮ್ಮ ಕಡೆಯಲ್ಲಿ ಈ ಅಂಟನ್ನು ಹುಣಸೆಯ ಬೀಜದಿಂದ ಮಾಡುವುದು ವಾಡಿಕೆಯಾಗಿದ್ದಿತು. ಬರೆಯುವುದು ಬಳಪದಿಂದ. ಬರೆದುದು ಬೇಡವಾದರೆ ಒರಸಿ ಮತ್ತೆ ಬರೆಯಬಹುದು. ಒರಸಿ ಒರಸಿ ಲೇಪವು ಸವೆದರೆ ಹೊಸದಾಗಿ ಬಳಿಯಬೇಕು. ವರ್ತಕರು ಲೆಕ್ಕವನ್ನೂ, ಶಾನುಭೋಗರು ಕಂದಾಯವನ್ನೂ, ಶೃಂಗೇರಿಯಂಥ ಮಠಗಳು ತಮ್ಮ ವ್ಯವಹಾರಗಳನ್ನೂ ಇದರಲ್ಲಿಯೇ ಬರೆದಿಡುತ್ತಿದ್ದರು. ಅಳಿಸಿ ಬರೆಯಲು ಬರುವುದೇ ಕಡತದ ಉಪಯೋಗವು. ಅಳಿಸಿಹೋಗುವುದೇ ಅದರ ಅಪಾಯವು.

ಕಡತದ ಜೊತೆಗೆ ನಮ್ಮ ನಾಡಿನಲ್ಲಿ ಬೇರೆ ಬರಹದ ಸಾಧನಗಳೂ ಇದ್ದವು. ಗೇರುಸೊಪ್ಪೆಯ, ಭಟ್ಕಳದ, ಹಾಡುವಳ್ಳಿಯ ಬಸದಿ ದೇವಾಲಯಗಳಲ್ಲಿ ನಿಂತಿರುವ ಕಲ್ಲುಗಳನ್ನು ಯಾರೂ ಅಳಿಸಿ ಬರೆಯಲಾರರು. ಒಂದೇ ಸಲ ಕೊರೆದುದು ಐದುನೂರು ಮಳೆಗಾಲಗಳನ್ನು ಕಂಡಿದೆ. ಓಲೆಗರಿಯ ಗತಿಯು ಬೇರೆ. ಹಾಡುವಳ್ಳಿಯ ಮಠದ ಅಕಲಂಕದೇವನ ಶಿಷ್ಯನಾದ ಭಟ್ಟಾಕಲಂಕನು ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ರಚಿಸಿದುದು ೧೬೦೪ರಲ್ಲಿ, ಬಿ. ಎಲ್. ರೈಸರು ಅದನ್ನು ಅಚ್ಚುಹಾಕಿಸಿದುದು ೧೮೯೦ರಲ್ಲಿ. ನಡುವಣ ೨೮೬ ವರ್ಷ ಆ ಗ್ರಂಥವು ಬದುಕಿದುದು ಹೇಗೆ? ಗರಿಯು ಗಟ್ಟಿಯೆಂದಲ್ಲ. ಕರಾವಳಿಯ ತೇವದಲ್ಲಿ ಗರಿಗೆ ಹುಳು ಹಿಡಿಯುವುದು, ಅಂಚು ಮುರಿಯುವುದು. ಒಂದು ಪ್ರತಿಯು ಜೀರ್ಣವಾಗುವ ಮೊದಲೇ ಇನ್ನೊಂದು ಪ್ರತಿಯನ್ನು ತೆಗೆಯುತ್ತ ಬಂದ ಲಿಪಿಕಾರರಿಂದಲೇ ಅದು ಉಳಿಯಿತು.

ಪ್ರತಿಯಿಲ್ಲದ ಬರಹಕ್ಕೆ ಏನಾಗುವುದೆಂಬುದಕ್ಕೂ ನಮ್ಮ ಕಡಲೇ ಸಾಕ್ಷಿಯು. ಹದಿನಾಲ್ಕನೆಯ ಶತಮಾನದ ನಡುಗಾಲದಲ್ಲಿ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು ಹೊನ್ನಾವರಕ್ಕೆ ಬಂದಿದ್ದನು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ೧೩ ಶಾಲೆಗಳೂ ಗಂಡುಮಕ್ಕಳಿಗೆ ೨೩ ಶಾಲೆಗಳೂ ಇದ್ದುವೆಂದು ಬರೆದವನು ಅವನೇ. ಮುಂದೆ ಕೊಲ್ಲಂ ಕಡೆಯಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಬರುತ್ತಿರುವಾಗ, ಬಾರಕೂರೆಂದು ಗುರುತಿಸಲಾದ ಫಾಕನೂರಿಗೂ ಹೊನ್ನಾವರಕ್ಕೂ ನಡುವಣ ಒಂದು ಸಣ್ಣ ದ್ವೀಪದ ಬಳಿಯಲ್ಲಿ ಹನ್ನೆರಡು ಯುದ್ಧನೌಕೆಗಳು ಅವನನ್ನು ಮುತ್ತಿ ಇದ್ದುದೆಲ್ಲವನ್ನೂ ಸುಲಿದವು. ಬುಖಾರಾ ನಗರದ ವಿದ್ವಾಂಸರ ಗೋರಿಗಳ ಮೇಲಿದ್ದ ಲೇಖಗಳನ್ನು ಅವನು ಪ್ರತಿಮಾಡಿಕೊಂಡಿದ್ದನು. ಅವೂ ಸಮುದ್ರದ ಸುಲಿಗೆಯಲ್ಲಿಯೇ ಹೋದುವೆಂದು ಅವನು ಹೇಳಿಕೊಂಡಿರುವನು. ಅವನ ಪ್ರವಾಸಕಥನವು ೧೩೫೫ರಲ್ಲಿ ಫೆಜ್ ನಗರದಲ್ಲಿ ಬಹುಮಟ್ಟಿಗೆ ನೆನಪಿನಿಂದಲೇ ಹೇಳಿ ಬರೆಯಿಸಿದುದು. ಮಧ್ಯ ಏಷ್ಯದ ಪಂಡಿತರ ನೆನಪು ನಮ್ಮ ಕರಾವಳಿಯಲ್ಲಿ ಮುಳುಗಿತು. ಅದಕ್ಕೆ ಎರಡನೆಯ ಪ್ರತಿಯಿರಲಿಲ್ಲವಷ್ಟೆ.

ಇನ್ನು ಕಂದಾಯದ ದಾಖಲೆಗಳ ಮಾತು. ೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನದ ತರುವಾಯ ಕಾನಡಾ ಪ್ರಾಂತವು ಇಂಗ್ಲಿಷರ ಕೈಸೇರಿದಾಗ ಅಲ್ಲಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋನು, ಭೂಮಿಯ ತೆರಿಗೆಯ ಮೂಲವನ್ನು ಅರಸುತ್ತ ವಿಜಯನಗರದ ಹರಿಹರರಾಯನ ಕಾಲದವರೆಗೂ ಹಿಂದಕ್ಕೆ ಹೋದನು. ಅಷ್ಟು ಹಿಂದಣ ಸಂಗತಿಯು ಅವನಿಗೆ ದೊರೆತುದು ಹಳೆಯ ಲೆಕ್ಕಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಾದಿಟ್ಟು ಬಂದವರಿದ್ದುದರಿಂದ. ಆಮೇಲೆ ಇದೇ ನೆಲವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೂ, ೧೯೫೬ರಲ್ಲಿ ಮುಂಬಯಿಯಿಂದ ಮೈಸೂರಿಗೂ ಸೇರಿತು. ಆಳುವವರು ಬದಲಾದರೂ ಹೊಲದ ಗಡಿಯು ಬದಲಾಗದಿರಬೇಕಾದರೆ ಬರಹವು ಕೈಯಿಂದ ಕೈಗೆ ಕೆಡದಂತೆ ಸಾಗಬೇಕು. ಇದು ಪಂಡಿತರ ವಿನೋದದ ಪ್ರಶ್ನೆಯಲ್ಲ. ಒಕ್ಕಲಿಗನ ಅನ್ನದ ಪ್ರಶ್ನೆ.

ಮೈಸೂರಿಗೆ ನಮ್ಮ ಜಿಲ್ಲೆಯು ಸೇರಿದ ೧೯೫೬ನೆಯ ಇಸವಿಯಲ್ಲಿಯೇ ಅಮೇರಿಕೆಯ ಐ.ಬಿ.ಎಂ. ಸಂಸ್ಥೆಯು ‘ರಾಮ್ಯಾಕ್’ ಎಂಬ ಯಂತ್ರದಲ್ಲಿ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಇಪ್ಪತ್ತನಾಲ್ಕು ಅಂಗುಲ ವ್ಯಾಸದ ಐವತ್ತು ಲೋಹದ ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದವು. ಅಷ್ಟೆಲ್ಲದರಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಮುಂದೆ ತಟ್ಟೆಗಳು ಕಿರಿದಾದವು, ಅಕ್ಷರಗಳು ಸಾವಿರ ಮಡಿ ಹೆಚ್ಚಿದವು. ಆದರೆ ತಿರುಗುವ ತಟ್ಟೆಯ ಸ್ವಭಾವವು ತಪ್ಪಲಿಲ್ಲ. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಬರಹವು ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು ಕಾಲ ಕಾಯಲೇಬೇಕು. ಆದುದರಿಂದಲೇ ಗಣಕಯಂತ್ರವನ್ನು ನಡೆಯಿಸುವ ವ್ಯವಸ್ಥೆಗಳೆಲ್ಲವೂ ಐವತ್ತು ವರ್ಷ ತಟ್ಟೆಯ ನಡೆಯನ್ನೇ ನೆಚ್ಚಿ ಕಟ್ಟಲ್ಪಟ್ಟವು. ಚೆದುರಿದ ಕಡತಗಳನ್ನು ಒಟ್ಟುಗೂಡಿಸಿ ಸಾಲಾಗಿ ಇರಿಸುವ ‘ಡಿಫ್ರಾಗ್’ ಎಂಬ ಪದ್ಧತಿಯು ಬಳಕೆಗೆ ಬಂದುದು ಹೀಗೆ.

ಈ ನಡುವೆ ತಿರುಗುವ ತಟ್ಟೆಯೇ ಬೇಡದ ಇನ್ನೊಂದು ದಾರಿಯು ತೆರೆಯಿತು. ೧೯೬೭ರಲ್ಲಿ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್, ಸೈಮನ್ ಝೆ ಎಂಬಿಬ್ಬರು, ನಿರೋಧಕ ಪದರಗಳ ನಡುವೆ ವಿದ್ಯುತ್ಕಣಗಳನ್ನು ಸೆರೆಹಿಡಿದಿಡುವ ಉಪಾಯವನ್ನು ಕಂಡುಹಿಡಿದರು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಎಂಬ ವಿಜ್ಞಾನಿಯು ೧೯೮೪ರಲ್ಲಿ ‘ಫ್ಲ್ಯಾಷ್’ ಸ್ಮೃತಿಯನ್ನೂ ೧೯೮೭ರಲ್ಲಿ ಅದರ ‘ನ್ಯಾಂಡ್’ ಎಂಬ ಭೇದವನ್ನೂ ವಿದ್ವತ್ಸಭೆಯ ಮುಂದಿಟ್ಟನು. ಮಿಂಚು ಹೊಳೆದಂತೆ ಕ್ಷಣಾರ್ಧದಲ್ಲಿ ಅಳಿಸಬಹುದಾದುದರಿಂದ ಅದಕ್ಕೆ ಆ ಹೆಸರಾಯಿತು. ಬರೆಯುವ ಗುಣಕ್ಕಲ್ಲ, ಅಳಿಸುವ ಗುಣಕ್ಕೆ ಹೆಸರು ಬಂದುದನ್ನು ವಾಚಕರು ಲಕ್ಷಿಸಬೇಕು. ೧೯೯೧ರಲ್ಲಿ, ಮುಂದೆ ಸ್ಯಾನ್‌ಡಿಸ್ಕ್ ಎಂದು ಪ್ರಸಿದ್ಧವಾದ ಸಂಸ್ಥೆಯು ೨೦ ಮೆಗಾಬೈಟಿನ ಸಂಗ್ರಾಹಕವನ್ನು ಫ್ಲ್ಯಾಷ್ ಸ್ಮೃತಿಯಿಂದ ಮಾಡಿ ಐ.ಬಿ.ಎಂ.ಗೆ ಒದಗಿಸಿತು.

ಹಳೆಯ ಕಡತದ ನೆನಪು ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಡತದಂತೆ ಫ್ಲ್ಯಾಷ್ ಸ್ಮೃತಿಯಲ್ಲಿಯೂ ಬರೆದುದರ ಮೇಲೆ ಬರೆಯಲು ಬಾರದು, ಮೊದಲು ಅಳಿಸಬೇಕು. ಕಡತದಲ್ಲಾದರೋ ಒದ್ದೆಯ ಬಟ್ಟೆಯಿಂದ ಒಂದೇ ಸಾಲನ್ನು ಒರಸಬಹುದು. ಇಲ್ಲಿ ಅದೂ ಸಾಧ್ಯವಿಲ್ಲ. ೨೦೦೮ರ ಸುಮಾರಿನ ಸಂಗ್ರಾಹಕಗಳಲ್ಲಿ ಸಾಮಾನ್ಯವಾಗಿ ೪ ಕಿಲೋಬೈಟಿನ ೧೨೮ ಪುಟಗಳು ಕೂಡಿ ೫೧೨ ಕಿಲೋಬೈಟಿನ ಒಂದು ಖಂಡವಾಗುತ್ತಿದ್ದಿತು. ಬರೆಯುವುದು ಪುಟ ಪುಟವಾಗಿ. ಅಳಿಸುವುದು ಮಾತ್ರ ಇಡೀ ಖಂಡವನ್ನು. ಒಂದು ಪುಟವನ್ನು ತಿದ್ದಬೇಕಾದರೆ ಹೊಸ ಪುಟದಲ್ಲಿ ಬರೆದು, ಹಳೆಯದನ್ನು ತಳ್ಳಿಹಾಕಿ, ಬಿಡುವಾದಾಗ ಉಳಿದ ಪುಟಗಳನ್ನು ಬೇರೆಡೆಗೆ ಸಾಗಿಸಿ ಖಂಡವನ್ನು ಒರಸಬೇಕು. ಕಡತದ ಲೇಪವು ಸವೆಯುವಂತೆ ಇಲ್ಲಿಯೂ ಪ್ರತಿ ಅಳಿಸುವಿಕೆಗೆ ನಿರೋಧಕ ಪದರವು ಅಷ್ಟಷ್ಟು ಸವೆಯುವುದು. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಇರಿಸುವ ಜಾತಿಯು ಸುಮಾರು ಒಂದು ಲಕ್ಷ ಸಲ ತಾಳಿದರೆ, ಮೂರು ಬಿಟ್ಟುಗಳನ್ನು ತುಂಬುವ ಅಗ್ಗದ ಜಾತಿಯು ಒಂದರಿಂದ ಮೂರು ಸಾವಿರ ಸಲದಷ್ಟೇ ತಾಳುವುದು. ಹಳೆಯ ಕಡತಕ್ಕೆ ಮತ್ತೆ ಇದ್ದಲು ಬಳಿಯಬಹುದಾಗಿದ್ದಿತು; ಹೊಸ ಕಡತಕ್ಕೆ ಮರುಲೇಪವೇ ಇಲ್ಲ.

ಇಷ್ಟನ್ನು ತಿಳಿದ ಮೇಲೆ ಗಣಕಯಂತ್ರವನ್ನು ಅಣಿಗೊಳಿಸುವ ಕ್ರಮಗಳು ತಾವಾಗಿಯೇ ಅರ್ಥವಾಗುವುವು. ತಟ್ಟೆಗೆ ಒಗ್ಗಿದ್ದ ಯಂತ್ರಕ್ಕೆ ಕಡತದ ಶಿಸ್ತನ್ನು ಕಲಿಸುವುದೇ ಅವುಗಳ ಸಾರವು.

ಮೊದಲನೆಯದು ‘ಟ್ರಿಮ್’ ಎಂಬ ಆಜ್ಞೆ. ನಾವು ಒಂದು ಕಡತವನ್ನು ತೆಗೆದುಹಾಕಿದಾಗ ಯಂತ್ರವು ಅನುಕ್ರಮಣಿಕೆಯಿಂದ ಅದರ ಹೆಸರನ್ನು ಹೊಡೆಯುವುದೇ ಹೊರತು ಸಂಗ್ರಾಹಕಕ್ಕೆ ಆ ಸಂಗತಿಯನ್ನು ತಿಳಿಸುತ್ತಿರಲಿಲ್ಲ. ಶಾನುಭೋಗನು ಮನಸ್ಸಿನಲ್ಲಿಯೇ ಲೆಕ್ಕವನ್ನು ರದ್ದುಮಾಡಿ, ಕಡತವನ್ನು ಒರಸುವ ಆಳಿಗೆ ಹೇಳದೆ ಬಿಟ್ಟಂತೆ! ಆಳು ಬೇಡವಾದುದನ್ನೂ ಜತನದಿಂದ ಹೊತ್ತು ತಿರುಗುವನು. ಕೆಲಸವು ನಿಧಾನವಾಗುವುದು, ಬಟ್ಟೆಯು ವ್ಯರ್ಥವಾಗಿ ಸವೆಯುವುದು. ೨೦೦೯ರ ವಿಂಡೋಸ್ ೭ರಲ್ಲಿಯೂ ೨೦೧೦ರ ಆರಂಭದಲ್ಲಿ ಲಿನಕ್ಸಿನ ೨.೬.೩೩ನೆಯ ಆವೃತ್ತಿಯಲ್ಲಿಯೂ ಈ ಆಜ್ಞೆಯು ಸೇರಿತು. ಅದಕ್ಕೂ ಹಿಂದಿನ ವ್ಯವಸ್ಥೆಯಲ್ಲಿ ನಡೆಯುವ ಹಳೆಯ ಯಂತ್ರಕ್ಕೆ ಹೊಸ ಸಂಗ್ರಾಹಕವನ್ನು ಕೂಡಿಸುವವರು ಇದನ್ನು ಮರೆಯಲಾಗದು.

ಎರಡನೆಯದು ವಿಭಾಗದ ಆರಂಭಸ್ಥಾನ. ವಿಂಡೋಸ್ ಎಕ್ಸ್‌ಪಿಯವರೆಗಿನ ಪದ್ಧತಿಯಲ್ಲಿ ಮೊದಲ ವಿಭಾಗವು ೬೩ನೆಯ ತುಣುಕಿನಿಂದ ಮೊದಲಾಗುತ್ತಿದ್ದಿತು. ತುಣುಕಿಗೆ ೫೧೨ ಬೈಟಿನಂತೆ ಅದು ೩೨,೨೫೬ ಬೈಟು. ೪,೦೯೬ರಿಂದ ಸಮನಾಗಿ ಭಾಗವಾಗದು. ಅಂದರೆ ಪ್ರತಿಯೊಂದು ಬರಹವೂ ಎರಡು ಪುಟಗಳ ಮೇಲೆ ಬೀಳುವುದು. ಕಡತದ ಮಡಿಕೆಯ ಮೇಲೆಯೇ ಅಕ್ಷರವನ್ನು ಬರೆದರೆ ತಿದ್ದುವಾಗ ಎರಡು ಮಗ್ಗುಲನ್ನೂ ಒರಸಬೇಕಾಗುವುದಲ್ಲವೆ? ಇದೂ ಹಾಗೆಯೇ. ವಿಂಡೋಸ್ ವಿಸ್ತಾದಿಂದ ಮುಂದೆ ೨,೦೪೮ನೆಯ ತುಣುಕಿನಿಂದ ಆರಂಭಿಸುವ ಕ್ರಮವು ಬಂದು ಈ ದೋಷವು ನೀಗಿತು. ಆದರೆ ಹಳೆಯ ತಟ್ಟೆಯ ಬರಹವನ್ನು ಇದ್ದುದಿದ್ದಂತೆ ಹೊಸ ಸಂಗ್ರಾಹಕಕ್ಕೆ ಇಳಿಸಿಕೊಂಡರೆ ಹಳೆಯ ದೋಷವೂ ಜೊತೆಯಲ್ಲಿಯೇ ಇಳಿಯುವುದು.

ಮೂರನೆಯದಾಗಿ, ಡಿಫ್ರಾಗ್ ಪದ್ಧತಿಯನ್ನು ಕೈಬಿಡಬೇಕು. ತಿರುಗುವ ಸೂಜಿಯೇ ಇಲ್ಲದಲ್ಲಿ ಸಾಲಾಗಿ ಜೋಡಿಸುವುದರಿಂದ ಲಾಭವು ಅತ್ಯಲ್ಪ, ಸವೆತವು ಮಾತ್ರ ನಿಶ್ಚಯ. ನಾಲ್ಕನೆಯದು, ಸಂಗ್ರಾಹಕವನ್ನು ಕಂಠದವರೆಗೆ ತುಂಬದೆ ಕೆಲವು ಪಾಲನ್ನು ಖಾಲಿ ಬಿಡುವುದು. ಪುಟಗಳನ್ನು ಸಾಗಿಸಿ ಒರಸಲು ಅಂಗಳವು ಬೇಕಷ್ಟೆ. ಐದನೆಯದು, ಯಂತ್ರಕ್ಕೂ ಸಂಗ್ರಾಹಕಕ್ಕೂ ನಡುವಣ ಮಾತಿನ ರೀತಿ. ಸಾಟಾ ತಂತಿಯ ಸಂಗ್ರಾಹಕವಾದರೆ ಯಂತ್ರದ ಮೂಲ ಏರ್ಪಾಡಿನಲ್ಲಿ ‘ಎ.ಎಚ್.ಸಿ.ಐ.’ ರೀತಿಯನ್ನು ಆರಿಸಬೇಕು. ೨೦೧೧ರಲ್ಲಿ ಮೊದಲ ಬಾರಿಗೆ ಪ್ರಕಟವಾದ ‘ಎನ್.ವಿ.ಎಂ.ಇ.’ ರೀತಿಯಾದರೋ ಫ್ಲ್ಯಾಷಿನಂಥ ವೇಗದ ಸ್ಮೃತಿಗೆಂದೇ ರಚಿತವಾದುದು. ಈಚಿನ ಯಂತ್ರಗಳಲ್ಲಿ ಇವುಗಳಲ್ಲಿ ಬಹುಭಾಗವು ತಾನಾಗಿಯೇ ನಡೆಯುವುದು. ಹಾಗಿದ್ದರೂ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳುವುದು ಯಜಮಾನನ ಕರ್ತವ್ಯವು. ಅದಕ್ಕೆ ಮೀರಿ, ಯಾರೋ ಹೇಳಿದರೆಂದು ಇದ್ದಬದ್ದ ಏರ್ಪಾಡುಗಳನ್ನೆಲ್ಲ ಕದಲಿಸುವುದು ಅನಾವಶ್ಯಕವು.

ಅಣಿಗೊಳಿಸಿದ ಬಳಿಕ ಪರೀಕ್ಷೆ. ಅಂಗಡಿಯ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಒಂದೇ ದೊಡ್ಡ ಅಂಕಿಯಿರುವುದು. ಸಾಟಾ ಸಂಗ್ರಾಹಕವು ಸೆಕೆಂಡಿಗೆ ೫೫೦ ಮೆಗಾಬೈಟಿನಷ್ಟು, ಎನ್.ವಿ.ಎಂ.ಇ. ಜಾತಿಯದು ೭,೦೦೦ ಮೆಗಾಬೈಟಿನಷ್ಟು ಓದುವುದೆಂದು ಅದು ಸಾರುವುದು. ಅದು ಸುಳ್ಳಲ್ಲ, ಆದರೆ ದೊಡ್ಡದೊಂದು ಕಡತವನ್ನು ಸಾಲಾಗಿ ಓದುವಾಗಿನ ಮಾತು. ನಮ್ಮ ಕೆಲಸವು ಯಾವ ಬಗೆಯದು? ಯೂನಿಕೋಡಿನ ರೂಢಿಯ ಬರಹದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ೪ ಕಿಲೋಬೈಟಿನ ಪುಟದಲ್ಲಿ ೧,೩೬೫ ಸಂಕೇತಗಳು ಹಿಡಿಯುವುವು. ಒಂದು ಪಹಣಿ, ಒಂದು ಪತ್ರ, ಯಕ್ಷಗಾನದ ಕೆಲವು ಪದ್ಯ, ಇವೆಲ್ಲ ಇಂಥ ಸಣ್ಣ ಸಣ್ಣ ತುಂಡುಗಳೇ. ಅಲ್ಲಲ್ಲಿ ಚೆದುರಿದ ೪ ಕಿಲೋಬೈಟಿನ ತುಂಡುಗಳನ್ನು ಒಂದೊಂದಾಗಿ ಓದಿಸಿದರೆ, ೭,೦೦೦ವೆಂದು ಸಾರುವ ಸಂಗ್ರಾಹಕವೂ ಸೆಕೆಂಡಿಗೆ ೧೦೦ ಮೆಗಾಬೈಟನ್ನು ಮುಟ್ಟುವುದು ಅಪರೂಪ. ಆದರೂ ತಿರುಗುವ ತಟ್ಟೆಯು ಅದೇ ಕೆಲಸದಲ್ಲಿ ಒಂದು ಮೆಗಾಬೈಟಿನ ಆಸುಪಾಸಿನಲ್ಲಿಯೇ ತೆವಳುವುದರಿಂದ, ಹಳೆಯ ಯಂತ್ರಕ್ಕೆ ಸಾಧಾರಣ ಸಂಗ್ರಾಹಕವನ್ನು ಕೂಡಿಸಿದರೂ ಮರುಜೀವ ಬಂದಂತಾಗುವುದು. ಹಳೆಯ ಯಂತ್ರಗಳಿಂದಲೇ ಕಾಲ ಕಳೆಯುವ ನಮ್ಮ ಶಾಲೆ, ಸಂಘಗಳಿಗೆ ಇದು ಲಾಭದ ಸಂಗತಿಯೇ ಸರಿ.

ಪರೀಕ್ಷೆಯಲ್ಲಿ ಮೋಸಹೋಗದಿರಲು ಇನ್ನೆರಡು ಎಚ್ಚರಗಳು ಬೇಕು. ಹೊಸದಾದ ಖಾಲಿ ಸಂಗ್ರಾಹಕವು ಒಣಗಿದ ಹೊಸ ಕಡತದಂತೆ. ಯಾವುದನ್ನೂ ಒರಸಬೇಕಾಗಿಲ್ಲದುದರಿಂದ ಚುರುಕಾಗಿ ಬರೆಯುವುದು. ಮೇಲಾಗಿ, ಅಗ್ಗದ ಸಂಗ್ರಾಹಕಗಳು ತಮ್ಮ ಕೋಶಗಳಲ್ಲಿ ಕೆಲವಕ್ಕೆ ತಾತ್ಕಾಲಿಕವಾಗಿ ಒಂದೇ ಬಿಟ್ಟನ್ನು ತುಂಬಿ ವೇಗವನ್ನು ತೋರಿಸುವುವು. ಆ ಪಾಲು ತುಂಬಿದೊಡನೆ ವೇಗವು ಕುಸಿಯುವುದು. ಆದುದರಿಂದ ಒಂದು ನಿಮಿಷದ ಪರೀಕ್ಷೆಯನ್ನು ನಂಬದೆ, ಬಹುಭಾಗವನ್ನು ತುಂಬಿಸಿ, ದೀರ್ಘಕಾಲ ಬರೆಯಿಸಿ, ವೇಗವು ಒಂದು ಮಟ್ಟದಲ್ಲಿ ನೆಲೆನಿಂತ ಮೇಲೆ ಅಳೆಯಬೇಕು. ಎರಡನೆಯದು ಉಷ್ಣ. ಕಾದ ಸಂಗ್ರಾಹಕವು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನಿಳಿಸುವುದು. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಕುಮಟೆಯ ಮಾಡಿನ ಕೆಳಗೆ ದೊರೆಯುವ ಫಲವು ತಂಪುಕೋಣೆಯ ಫಲವಾಗಿರಲಾರದು. ಇದಲ್ಲದೆ, ಪೇಟೆಯಲ್ಲಿ ಸುಳ್ಳು ಗಾತ್ರವನ್ನು ಹೇಳುವ ನಕಲಿ ಸರಕೂ ಉಂಟು. ಇಡೀ ಸಂಗ್ರಾಹಕವನ್ನು ತುಂಬಿಸಿ, ಬರೆದುದನ್ನು ಮರಳಿ ಓದಿಸಿ ತಾಳೆನೋಡಿದರೆ ನಿಜವು ಹೊರಬೀಳುವುದು.

ಆದರೆ ಈ ಪರೀಕ್ಷೆಗಳೆಲ್ಲವೂ ವೇಗವನ್ನೂ ಗಾತ್ರವನ್ನೂ ಅಳೆಯುವುವು, ಬಾಳಿಕೆಯನ್ನು ಅಳೆಯುವುದಿಲ್ಲ. ನನಗೆ ಮುಖ್ಯವಾಗಿ ತೋರುವುದು ಇದೇ. ಸೆರೆಹಿಡಿದ ವಿದ್ಯುತ್ಕಣಗಳು ಕಾಲಕ್ರಮದಲ್ಲಿ ಮೆಲ್ಲನೆ ಸೋರಿಹೋಗುವುವು. ಉಷ್ಣವು ಹೆಚ್ಚಿದಷ್ಟೂ, ಪದರವು ಸವೆದಷ್ಟೂ ಬೇಗನೆ ಸೋರುವುವು. ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ನಿಯಮದಂತೆ, ಮನೆಬಳಕೆಯ ಸಂಗ್ರಾಹಕವು ತನಗೆ ಗೊತ್ತುಪಡಿಸಿದಷ್ಟು ಬರಹವನ್ನೆಲ್ಲ ಕಂಡು ಸವೆದ ಮೇಲೆ, ವಿದ್ಯುತ್ತಿಲ್ಲದೆ ೩೦ ಅಂಶ ಉಷ್ಣದಲ್ಲಿ ಒಂದು ವರ್ಷ ಬರಹವನ್ನು ಕಾದಿಟ್ಟರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಕಾಯುವುದು ನಿಜ. ಆದರೆ ನಮ್ಮ ಕರಾವಳಿಯು ೩೦ ಅಂಶವನ್ನು ವರ್ಷದಲ್ಲಿ ಎಷ್ಟೋ ದಿನ ದಾಟುವುದೂ ನಿಜ. ಕಲ್ಲನ್ನು ಐದುನೂರು ವರ್ಷ ಮರೆತರೂ ಅದು ನಮ್ಮನ್ನು ಮರೆಯದು. ಸವೆದ ಸಂಗ್ರಾಹಕವನ್ನು ಕಪಾಟಿನಲ್ಲಿ ನಾಲ್ಕು ವರ್ಷ ಮರೆತರೆ ಅದೂ ನಮ್ಮನ್ನು ಮರೆಯಬಹುದು.

ಇದರಿಂದ ಹಾನಿಯಾಗಬಹುದಾದುದು ಯಾವುದೆಂಬುದನ್ನು ಯೋಚಿಸಬೇಕು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿ, ಕೈಬರಹದ ಪಹಣಿಯು ತನ್ನ ಮಾನ್ಯತೆಯನ್ನು ಕಳೆದುಕೊಂಡಿತು. ೨೦೨೪ರಿಂದ ತಾಲೂಕು ದಾಖಲೆಕೋಣೆಗಳ ಹಳೆಯ ಕಾಗದಗಳೂ ‘ಭೂಸುರಕ್ಷಾ’ ಎಂಬ ಹೆಸರಿನಲ್ಲಿ ಗಣಕಯಂತ್ರಕ್ಕೆ ಏರತೊಡಗಿವೆ. ಸರಕಾರದ ದಾಖಲೆಗಳಿಗೆ ಕಾವಲುಗಾರರಿದ್ದಾರೆ. ಮನೆಯ ದಾಖಲೆಗಳಿಗೆ ಯಾರಿದ್ದಾರೆ? ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರದ ನೆಲದಲ್ಲಿ ಆಟಗಳ ಮುದ್ರಿಕೆಗಳು, ಪ್ರಸಂಗಗಳ ಪ್ರತಿಗಳು, ಭಟ್ಕಳದಿಂದ ಕೊಲ್ಲಿಯ ನಾಡುಗಳಿಗೆ ದುಡಿಯಹೋದವರ ಮನೆಗಳ ಪತ್ರ ಭಾವಚಿತ್ರಗಳು, ಕುಮಟೆಯ ಕುಟುಂಬಗಳ ವಂಶಾವಳಿಗಳು, ಇವೆಲ್ಲ ಇಂದು ಬೆರಳಗಲದ ಸಂಗ್ರಾಹಕಗಳನ್ನು ಸೇರುತ್ತಿವೆ. ಎಷ್ಟೋ ಮನೆಗಳಲ್ಲಿ ಅದೊಂದೇ ಪ್ರತಿಯು. ಇಬ್ನ್ ಬತೂತನ ಗಂಟಿನಲ್ಲಿಯೂ ಒಂದೇ ಪ್ರತಿಯಿದ್ದಿತು.

ಪರಿಹಾರವು ಕಷ್ಟದ್ದಲ್ಲ, ಹೊಸದೂ ಅಲ್ಲ. ಓಲೆಗರಿಯ ಲಿಪಿಕಾರರು ಮಾಡಿದುದನ್ನೇ ನಾವೂ ಮಾಡಬೇಕು. ಕೆಲಸಕ್ಕೆ ವೇಗದ ಸಂಗ್ರಾಹಕವಿರಲಿ. ಕಾಪಿಡಲು ಎರಡನೆಯ ಪ್ರತಿಯು ತಿರುಗುವ ತಟ್ಟೆಯ ಮೇಲೆಯೂ, ಮೂರನೆಯದು ಬೇರೆ ಊರಿನಲ್ಲಿಯೂ ಇರಲಿ. ತೀರ ಮುಖ್ಯವಾದುದು ಒಳ್ಳೆಯ ಕಾಗದದ ಮೇಲೆಯೂ ಇಳಿಯಲಿ. ವರ್ಷಕ್ಕೊಮ್ಮೆ ಸಂಗ್ರಾಹಕವನ್ನು ಯಂತ್ರಕ್ಕೆ ಕೂಡಿಸಿ, ಎಲ್ಲ ಕಡತಗಳನ್ನೂ ಓದಿಸಿ, ಪ್ರತಿಯೊಡನೆ ತಾಳೆನೋಡಬೇಕು, ಸವೆದುದನ್ನು ಬದಲಾಯಿಸಬೇಕು. ಇದಕ್ಕೊಂದು ದಿನವು ಬೇಕೆಂದರೆ ಹಿರಿಯರು ಗೊತ್ತುಮಾಡಿಟ್ಟುದೇ ಇದೆ. ನವರಾತ್ರಿಯ ಸರಸ್ವತೀ ಪೂಜೆಯಲ್ಲಿ ಮನೆಯ ಪುಸ್ತಕಗಳನ್ನೆಲ್ಲ ಹೊರತೆಗೆದು, ಧೂಳು ಝಾಡಿಸಿ, ಮಣೆಯ ಮೇಲಿಟ್ಟು ಪೂಜಿಸುವ ಆಚಾರವು ನಮ್ಮಲ್ಲಿ ಉಂಟಷ್ಟೆ. ಮಳೆಗಾಲದ ತೇವವು ಕಳೆದ ಮೇಲೆ ಹುಳು ಹಿಡಿದ ಗರಿ ಯಾವುದು, ಪ್ರತಿಮಾಡಬೇಕಾದುದು ಯಾವುದು ಎಂದು ನೋಡಲು ಆ ದಿನವು ಸಹಜವಾಗಿ ಒದಗುತ್ತಿದ್ದಿತು. ಬರುವ ನವರಾತ್ರಿಯಲ್ಲಿ ಆ ಪುಸ್ತಕಗಳ ಸಾಲಿನಲ್ಲಿ ಮನೆಯ ಸಂಗ್ರಾಹಕವನ್ನೂ ಇರಿಸಿ, ಪೂಜೆಯು ಮುಗಿದ ಮರುದಿನ ಅದನ್ನು ತೆರೆದು ನೋಡಬೇಕೆಂದು ಈ ಪತ್ರಿಕೆಯ ವಾಚಕರಲ್ಲಿ ನನ್ನ ವಿನಂತಿ.